ಒಂದು ಸದಸ್ಯತ್ವದ ಜಮಾ-ಖರ್ಚು



ಕಳೆದ ದೀಪಾವಳಿಗೆ ರಾಯಬಾಗದಿಂದ ಬಂದಿದ್ದ ನನ್ನ ತಂಗಿಯ ಮಗ ಊಟಕ್ಕೆ ಕುಳಿತಾಗ ಒಂದು ಪ್ರಶ್ನೆ ಕೇಳಿದ. "ಮಾಮಾ, ವರ್ಷಕ್ಕ ಒಂದೂವರೆ ಸಾವಿರ ಕೊಟ್ಟು ಆನ್‌ಲೈನ್ ಅಂಗಡಿ ಮೆಂಬರ್ ಆಗೂದು ಚಲೋನೋ ಕೆಟ್ಟೋ? ನೀವು ಆಗೀರಲ್ಲ, ಏನರೆ ಫಾಯದಾ ಆಗೇತೇನು?" ಮೂವತ್ತಕ್ಕೂ ಹೆಚ್ಚು ವರ್ಷ ಮಕ್ಕಳಿಗೆ ಲಾಭ-ನಷ್ಟದ ಲೆಕ್ಕ ಬಿಡಿಸಿಕೊಟ್ಟವನು ನಾನು. ಆದರೂ ಆ ಕ್ಷಣಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ. "ಲೆಕ್ಕ ಮಾಡಿ ಹೇಳತೇನಿ" ಎಂದು ಜಾರಿಕೊಂಡೆ. ಹಬ್ಬ ಮುಗಿದ ಮೇಲೆ ಒಂದು ಹಳೆಯ ವಹಿ ತೆಗೆದುಕೊಂಡು, ಮೊಬೈಲಿನಲ್ಲಿದ್ದ ಒಂದು ವರ್ಷದ ಖರೀದಿಯ ಪಟ್ಟಿಯನ್ನು ಮುಂದಿಟ್ಟುಕೊಂಡು ಕುಳಿತೆ. ಆ ಲೆಕ್ಕದಲ್ಲಿ ಕಂಡದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ.

'ಸದಸ್ಯತ್ವ' ಎಂಬ ಪದವನ್ನು ನಾನು ಮೊದಲು ಕೇಳಿದ್ದು ನನ್ನ ತಂದೆಯವರ ಬಾಯಿಂದ. ಅವರು ಕಾಗವಾಡದ ಸಮೀಪದ ಒಂದು ಹಳ್ಳಿಯಲ್ಲಿ ಪ್ರಾಥಮಿಕ ಶಾಲೆಯ ಶಿಕ್ಷಕರು. ಅಲ್ಪ ಪಗಾರದಲ್ಲಿಯೂ ಧಾರವಾಡದ ಮನೋಹರ ಗ್ರಂಥಮಾಲೆಗೆ ಚಂದಾ ಕಟ್ಟುತ್ತಿದ್ದರು. ಜಿ. ಬಿ. ಜೋಶಿಯವರು 1933ರಲ್ಲಿ ಆರಂಭಿಸಿದ ಆ ಸಂಸ್ಥೆಗೆ ವರ್ಷದ ಚಂದಾ ಕಳುಹಿಸಿದರೆ ಹೊಸ ಪುಸ್ತಕಗಳು ಅಂಚೆಯಲ್ಲಿ ಮನೆಗೆ ಬರುತ್ತಿದ್ದವು. ಕಾರ್ನಾಡರ 'ಯಯಾತಿ', ಅನಂತಮೂರ್ತಿಯವರ 'ಸಂಸ್ಕಾರ' ಮೊದಲಾದವು ಕನ್ನಡಿಗರ ಕೈಸೇರಿದ್ದು ಈ ಮಾಲೆಯ ಮೂಲಕವೇ. ಪುಸ್ತಕ ಬಂದ ದಿನ ತಂದೆಯವರು ಅದಕ್ಕೆ ಖಾಕಿ ಕಾಗದದ ರಟ್ಟು ಹಾಕಿ, ಒಳಪುಟದಲ್ಲಿ ಪೆನ್ಸಿಲಿನಿಂದ ಹನ್ನೊಂದು ಮನೆಗಳ ಹೆಸರು ಬರೆಯುತ್ತಿದ್ದರು. ಪುಸ್ತಕ ಅದೇ ಕ್ರಮದಲ್ಲಿ ಮನೆಯಿಂದ ಮನೆಗೆ ಹೋಗಿ, ಕೆಲವೊಮ್ಮೆ ಎಣ್ಣೆಯ ಕಲೆ ಹೊತ್ತು, ಕೊನೆಗೆ ನಮ್ಮ ಮನೆಗೆ ಮರಳುತ್ತಿತ್ತು. ಒಬ್ಬ ಚಂದಾದಾರ, ಹನ್ನೊಂದು ಮನೆಯ ಓದುಗರು! ಒಂದು ಸದಸ್ಯತ್ವದಿಂದ ಅದಕ್ಕಿಂತ ಹೆಚ್ಚಿನ ಫಾಯದಾ ಪಡೆದವರನ್ನು ನಾನು ಇದುವರೆಗೆ ಕಂಡಿಲ್ಲ.

ಇನ್ನೊಂದು ಸದಸ್ಯತ್ವ ನಮ್ಮ ಭಾಗದ ಎಲ್ಲರಿಗೂ ಗೊತ್ತಿರುವಂಥದ್ದು, ಸಹಕಾರಿ ಸಕ್ಕರೆ ಕಾರ್ಖಾನೆಯ ಶೇರು. ಚಿಕ್ಕೋಡಿಯ ದೂಧಗಂಗಾ ಕೃಷ್ಣಾ, ನಿಪ್ಪಾಣಿಯ ಹಾಲಸಿದ್ಧನಾಥ, ಅಥಣಿಯ ಕೃಷ್ಣಾ ಎಂಬ ಕಾರ್ಖಾನೆಗಳ ಹೆಸರುಗಳನ್ನು ಕೇಳುತ್ತಲೇ ಬೆಳೆದವರು ನಾವು. ಶೇರುದಾರ ರೈತನಿಗೆ ಕಬ್ಬು ಕಳುಹಿಸುವ ಹಕ್ಕು, ರಿಯಾಯಿತಿ ದರದ ಸಕ್ಕರೆ, ಅದಕ್ಕಿಂತ ಮಿಗಿಲಾಗಿ ಚುನಾವಣೆಯಲ್ಲಿ ಒಂದು ಮತ. ಒಂದು ಶೇರು ಇದ್ದವನಿಗೂ ಒಂದೇ ಮತ, ಹತ್ತು ಇದ್ದವನಿಗೂ ಒಂದೇ ಮತ. ಈ ವಿಚಾರದ ಬೇರು ಇಂಗ್ಲೆಂಡಿನ ರಾಚ್‌ಡೇಲ್ ಎಂಬ ಊರಿನಲ್ಲಿದೆ. 1844ರಲ್ಲಿ ಅಲ್ಲಿನ 28 ಜನ ನೇಕಾರರೂ ಕುಶಲಕರ್ಮಿಗಳೂ ತಲಾ ಒಂದು ಪೌಂಡು ಕೂಡಿಸಿ, ಬೆಣ್ಣೆ, ಸಕ್ಕರೆ, ಹಿಟ್ಟು, ಓಟ್ಸ್, ಮೇಣದ ಬತ್ತಿಗಳ ಒಂದು ಸಣ್ಣ ಅಂಗಡಿ ತೆರೆದರು. ಉಳಿದ ಲಾಭವನ್ನು, ಯಾರು ಎಷ್ಟು ಖರೀದಿಸಿದ್ದಾರೋ ಅದಕ್ಕೆ ತಕ್ಕಂತೆ ಸದಸ್ಯರಿಗೇ ಹಂಚಿದರು. ನಮ್ಮ ನಾಡಿನಲ್ಲಿ 1904ರ ಕಾಯ್ದೆಯ ಮರುವರ್ಷವೇ, 1905ರಲ್ಲಿ, ಗದಗ ತಾಲೂಕಿನ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಸಹಕಾರಿ ಪತ್ತಿನ ಸಂಘ ಕಟ್ಟಿದರು. ಇವೆಲ್ಲವುಗಳಲ್ಲಿ ಸದಸ್ಯನೆಂದರೆ ಅಂಗಡಿಯ ಒಡೆಯ.

ಇಂದಿನ ಆನ್‌ಲೈನ್ ಸದಸ್ಯತ್ವ ಹಾಗಲ್ಲ. ಇಲ್ಲಿ ಸದಸ್ಯನೆಂದರೆ ಮುಂಗಡ ಹಣ ಕೊಟ್ಟ ಗಿರಾಕಿ. 1995ರಲ್ಲಿ ಪುಸ್ತಕ ಮಾರಾಟದಿಂದ ಆರಂಭವಾದ ಅಮೆಜಾನ್ ಕಂಪನಿಯು 2005ರಲ್ಲಿ ಅಮೆರಿಕದಲ್ಲಿ 'ಪ್ರೈಮ್' ಎಂಬ ಯೋಜನೆ ತಂದಿತು. ವರ್ಷಕ್ಕೆ 79 ಡಾಲರ್ ಕೊಟ್ಟರೆ ಸಾಮಾನುಗಳು ಎರಡು ದಿನದಲ್ಲಿ, ಪ್ರತ್ಯೇಕ ಸಾಗಣೆ ಶುಲ್ಕವಿಲ್ಲದೆ, ಮನೆಗೆ ಬರುತ್ತಿದ್ದವು. ಭಾರತಕ್ಕೆ ಅದು ಬಂದದ್ದು 2016ರ ಜುಲೈಯಲ್ಲಿ, 499 ರೂಪಾಯಿಗಳ ಆರಂಭಿಕ ದರದಲ್ಲಿ. ಅನಂತರ 999 ಆಯಿತು, 2021ರ ಡಿಸೆಂಬರಿನಲ್ಲಿ 1,499 ಆಯಿತು. ನಮ್ಮ ಬೆಂಗಳೂರಿನಲ್ಲಿ 2007ರಲ್ಲಿ ಹುಟ್ಟಿದ ಫ್ಲಿಪ್‌ಕಾರ್ಟ್ 2018ರ ಆಗಸ್ಟ್ 15ರಂದು 'ಪ್ಲಸ್' ಎಂಬ ಯೋಜನೆ ಆರಂಭಿಸಿದಾಗ ಅದಕ್ಕೆ ವಾರ್ಷಿಕ ಶುಲ್ಕವನ್ನೇ ಇಡಲಿಲ್ಲ. ಖರೀದಿಯಿಂದ ಗಳಿಸಿದ ನಾಣ್ಯಗಳೇ ಆಗ ಅಲ್ಲಿ ಪ್ರವೇಶ ಪತ್ರವಾಗಿದ್ದವು. 2020ರಲ್ಲಿ ಈ ಎರಡೂ ಅಂಗಡಿಗಳು ಕನ್ನಡದಲ್ಲಿಯೂ ತೆರೆದುಕೊಂಡವು. ಇಂಗ್ಲಿಷ್ ಬಾರದ ನನ್ನ ಶ್ರೀಮತಿಯವರು ಅಂದಿನಿಂದ ನನಗಿಂತ ಚುರುಕಾಗಿ ಬೆರಳಾಡಿಸುತ್ತಾರೆ.

ನನ್ನ ಮಗ ಪುಣೆಯಲ್ಲಿರುತ್ತಾನೆ. ವಯಸ್ಸಾದ ತಂದೆ ತಾಯಿ ಸಣ್ಣಪುಟ್ಟ ವಸ್ತುಗಳಿಗಾಗಿ ಬೆಳಗಾವಿಗೋ ಕೊಲ್ಹಾಪುರಕ್ಕೋ ಬಸ್ಸು ಹತ್ತಬಾರದೆಂಬ ಪ್ರೀತಿಯಿಂದ ಮೊದಲ ವರ್ಷದ ಶುಲ್ಕವನ್ನು ಅವನೇ ಕಟ್ಟಿದ. ಎರಡನೆಯ ವರ್ಷದ್ದು ನನ್ನ ಖಾತೆಯಿಂದ ತಾನಾಗಿಯೇ ಕಡಿತವಾಯಿತು. ಇದರಲ್ಲಿ ಯಾರ ಮೋಸವೂ ಇಲ್ಲ, ತಪ್ಪು ನನ್ನದೇ. ರಿಸರ್ವ್ ಬ್ಯಾಂಕು 2021ರ ಅಕ್ಟೋಬರ್ 1ರಿಂದ ಜಾರಿಗೆ ತಂದ ನಿಯಮದ ಪ್ರಕಾರ, ಇಂತಹ ತಾನಾಗಿ ಕಡಿತವಾಗುವ ಹಣದ ಬಗ್ಗೆ ಕನಿಷ್ಠ 24 ತಾಸು ಮೊದಲೇ ಸೂಚನೆ ಬರಬೇಕು. ನನಗೂ ಬಂದಿತ್ತು. ಜಾಹೀರಾತಿನ ಸಂದೇಶವೆಂದು ತಿಳಿದು ನಾನು ಓದದೆ ಬಿಟ್ಟಿದ್ದೆ. ಪ್ರಶ್ನೆಪತ್ರಿಕೆಯ ಮೇಲಿನ ಸೂಚನೆಗಳನ್ನು ಓದಿರೆಂದು ನಿಮಗೆಲ್ಲ ಗದರಿಸಿದವನು ನಾನು ಎಂಬುದನ್ನು ನೆನೆದು ನೀವು ನಗಬಹುದು.

ಈಗ ವಹಿಯ ಲೆಕ್ಕಕ್ಕೆ ಬರುತ್ತೇನೆ. ಆ ಎರಡನೆಯ ವರ್ಷದಲ್ಲಿ ನಮ್ಮ ಮನೆಗೆ ಬಂದ ಪಾರ್ಸಲ್ಲುಗಳು 61. ಒಂದು ಪಾರ್ಸಲ್ಲಿಗೆ 40 ರೂಪಾಯಿ ಸಾಗಣೆ ಶುಲ್ಕವೆಂದು ಹಿಡಿದರೆ 2,440 ರೂಪಾಯಿ ಉಳಿಯಿತು. ಅದರಲ್ಲಿ ಸದಸ್ಯತ್ವದ 1,499 ಕಳೆದರೆ 941 ರೂಪಾಯಿ ಲಾಭ. "ನೋಡ್ರಿ, ನಾನು ಹೇಳಿದ್ನಿಲ್ಲ?" ಎಂದರು ಶ್ರೀಮತಿಯವರು. ಆದರೆ ಲೆಕ್ಕದ ಮೇಷ್ಟ್ರಿಗೆ ಸಮಾಧಾನವಾಗಲಿಲ್ಲ. ಒಂದು ಮೊತ್ತವನ್ನು ಮೀರಿದ ಖರೀದಿಗೆ ಸದಸ್ಯರಲ್ಲದವರಿಗೂ ಸಾಗಣೆ ಶುಲ್ಕ ಬೀಳುವುದಿಲ್ಲ. ನಮ್ಮ 61ರಲ್ಲಿ 26 ಪಾರ್ಸಲ್ಲುಗಳು ಅಂಥವು. ಅವು ಹೇಗಿದ್ದರೂ ಉಚಿತವಾಗಿಯೇ ಬರುತ್ತಿದ್ದವು. ಉಳಿದ 35ನ್ನು 40ರಿಂದ ಗುಣಿಸಿದರೆ 1,400. ಅಂದರೆ, ಲಾಭವಿರಲಿ, 99 ರೂಪಾಯಿ ನಷ್ಟ!

ಇಷ್ಟಕ್ಕೇ ನಿಂತಿದ್ದರೆ ಚಿಂತೆಯಿರಲಿಲ್ಲ. 61 ಪಾರ್ಸಲ್ಲುಗಳನ್ನು ಮೂರು ಗುಂಪು ಮಾಡಿದೆ. ಚಿಕ್ಕೋಡಿಯಲ್ಲಿ ಸಿಗದ, ನಿಜವಾಗಿಯೂ ಬೇಕಾಗಿದ್ದ ವಸ್ತುಗಳು 21: ಕೆಲವು ಪುಸ್ತಕಗಳು, ನನ್ನ ಶ್ರವಣಯಂತ್ರದ ಸೆಲ್ಲು, ಹಳೆಯ ಮಿಕ್ಸರಿನ ಬಿಡಿಭಾಗ, ಇತ್ಯಾದಿ. ಹತ್ತು ನಿಮಿಷ ನಡೆದರೆ ಬಜಾರಿನಲ್ಲಿ ಸಿಗುತ್ತಿದ್ದವು 23. ಯಾವ ಅವಶ್ಯಕತೆಯೂ ಇಲ್ಲದೆ ತರಿಸಿದವು 17. ಈ ಹದಿನೇಳರ ಬೆಲೆ ಕೂಡಿಸಿದರೆ 9,350 ರೂಪಾಯಿ. ಹಲಸಿನ ಬೀಜ ಸುಲಿಯುವ ಒಂದು ಸಾಧನವೂ ಅದರಲ್ಲಿದೆ. ನಮ್ಮ ಓಣಿಯಲ್ಲಿ ಹಲಸಿನ ಗಿಡವಿಲ್ಲ, ನಾವು ಹಲಸು ತಿನ್ನುವವರೂ ಅಲ್ಲ.

ಹೀಗೇಕಾಯಿತು? ಬಹಳ ಹಿಂದೆ ನಮ್ಮ ಶಾಲೆಯಲ್ಲಿ ಒಬ್ಬ ಹುಡುಗನಿದ್ದ. ಬಸ್ಸಿನ ಪಾಸು ಮಾಡಿಸಿದ ಮೇಲೆ ಅವನು ರವಿವಾರವೂ ಹಳ್ಳಿಯಿಂದ ಚಿಕ್ಕೋಡಿಗೆ ಬಂದು, ಬಸ್ ನಿಲ್ದಾಣದಲ್ಲಿ ಕುಳಿತು, ಮರಳಿ ಹೋಗುತ್ತಿದ್ದ. ಏಕೆಂದು ಕೇಳಿದರೆ, "ಪಾಸ್ ಐತಲ್ರಿ ಸರ, ಸುಮ್ನ ವ್ಯರ್ಥ ಆಗ್ತೈತಿ" ಎಂದಿದ್ದ. ಅಂದು ಇಡೀ ವರ್ಗ ನಕ್ಕಿತ್ತು. ಅರವತ್ತು ದಾಟಿದ ಮೇಲೆ ನಾನು ಮಾಡಿದ್ದೂ ಅದೇ. ಒಮ್ಮೆ ಕೊಟ್ಟ ಹಣ ಮರಳಿ ಬರುವುದಿಲ್ಲ, ಆದರೆ ಅದನ್ನು 'ವಸೂಲಿ' ಮಾಡುವ ಹಟದಲ್ಲಿ ನಾವು ಮತ್ತಷ್ಟು ಹಣ ಚೆಲ್ಲುತ್ತೇವೆ. ಈ ಯೋಜನೆಗಳ ವ್ಯಾಪಾರದ ಗುಟ್ಟೂ ಬಹುಮಟ್ಟಿಗೆ ಇದರಲ್ಲಿಯೇ ಇದೆ. ಮುಂಗಡ ಕೊಟ್ಟವನು ಬೇರೆ ಅಂಗಡಿಯತ್ತ ಮುಖ ಮಾಡುವುದು ಕಡಿಮೆ.

ಲೆಕ್ಕದ ವಹಿಯಲ್ಲಿ ಬರೆಯಲಾಗದ ಒಂದು ಸಂಗತಿಯಿದೆ. ಅದನ್ನು ಹೇಳದಿದ್ದರೆ ಈ ಲೇಖನ ಬರೆದದ್ದೇ ಸುಳ್ಳಾಗುತ್ತದೆ.

ಆ ವರ್ಷದ ಜುಲೈಯ ಒಂದು ಸಂಜೆ. ಬೆಳಗಿನಿಂದ ಮಳೆ ಹಿಡಿದಿತ್ತು. ಕೃಷ್ಣೆಗೆ ನೀರು ಬಂದು ಕಲ್ಲೋಳ-ಯಡೂರ ಸೇತುವೆ ಮುಳುಗಿದೆಯೆಂಬ ಸುದ್ದಿ ಬಂದಿತ್ತು. ಕತ್ತಲಾಗುವ ಹೊತ್ತಿಗೆ ಬಾಗಿಲ ಮುಂದೆ ಮೋಟಾರ್ ಸೈಕಲ್ ನಿಂತ ಸಪ್ಪಳ. ತಲೆಯಿಂದ ಪಾದದವರೆಗೆ ನೀರಿಳಿಯುತ್ತಿದ್ದ ಒಬ್ಬ ತರುಣ, ಪ್ಲಾಸ್ಟಿಕ್ಕಿನಲ್ಲಿ ಸುತ್ತಿದ್ದ ಒಂದು ಡಬ್ಬಿಯನ್ನು ಎದೆಗೆ ಅವಚಿಕೊಂಡು ನಿಂತಿದ್ದ. ನನ್ನ ವಿದ್ಯಾರ್ಥಿ. ಪದವಿ ಮುಗಿಸಿ, ಸ್ಪರ್ಧಾತ್ಮಕ ಪರೀಕ್ಷೆಗಳಿಗೆ ಓದುತ್ತ, ಹಗಲು ಈ ಪಾರ್ಸಲ್ ಮುಟ್ಟಿಸುವ ಕೆಲಸ ಮಾಡುತ್ತಿದ್ದಾನೆ.

"ಇಂಥಾ ಮಳ್ಯಾಗ ಯಾಕ ಬಂದ್ಯೋ ತಮ್ಮಾ? ನಾಳೆ ತಂದಿದ್ರ ನಡೀತಿತ್ತು" ಎಂದೆ.

"ಇವತ್ತ ಮುಟ್ಟಬೇಕಂತ ಇತ್ರಿ ಸರ. ಏನು, ಔಷಧಾನ್ರಿ? ಅಮ್ಮಾರಿಗೆ ಅರಾಮ ಇಲ್ಲೇನೋ ಅಂತ ಲಗೂನ ಬಂದ್ನಿ."

ಅದರಲ್ಲಿದ್ದದ್ದು ಒಂದು ಡಜನ್ ಬಟ್ಟೆಯ ಕ್ಲಿಪ್ಪು. ಬಜಾರಿನಲ್ಲಿ ಯಾವ ಅಂಗಡಿಯಲ್ಲಿಯೂ ಸಿಗುವಂಥದ್ದು. ನಾನು ಒಂದು ಕ್ಷಣ ಸುಮ್ಮನಿದ್ದು, "ಹೌದಪ್ಪಾ" ಎಂದುಬಿಟ್ಟೆ.

ಅವನು ಚಹಾ ಕೂಡ ಕುಡಿಯದೆ, ಇನ್ನೂ ನಾಲ್ಕು ಮನೆ ಇವೆಯೆಂದು ಮಳೆಯಲ್ಲಿಯೇ ಹೋದ. ನಾನು ಆ ರಾತ್ರಿ ಸರಿಯಾಗಿ ಉಣ್ಣಲಿಲ್ಲ. ಸೇವಾವಧಿಯಲ್ಲಿ ಮಕ್ಕಳ ಮುಂದೆ ತಪ್ಪು ಮಾಡಿದ್ದೇನೆ, ಕೋಪಗೊಂಡಿದ್ದೇನೆ, ತಿಳಿಯದೆ ತಪ್ಪು ಉತ್ತರ ಹೇಳಿ ಮರುದಿನ ತಿದ್ದಿಕೊಂಡಿದ್ದೇನೆ. ಆದರೆ ನನ್ನ ಮಾನ ಉಳಿಸಿಕೊಳ್ಳುವುದಕ್ಕಾಗಿ ಒಬ್ಬ ವಿದ್ಯಾರ್ಥಿಗೆ ಬೇಕೆಂದೇ ಸುಳ್ಳು ಹೇಳಿದ್ದು ನನಗೆ ನೆನಪಿರುವಂತೆ ಅದೇ ಮೊದಲು. 'ಉಚಿತ ಸಾಗಣೆ' ಎಂದು ಮೊಬೈಲಿನಲ್ಲಿ ಓದುವಾಗ ಸಾಗಿಸುವವನ ಮುಖ ಕಾಣುವುದಿಲ್ಲ. ಅಂದು ಕಂಡಿತು, ಅದೂ ನನ್ನದೇ ವರ್ಗದ ಮೂರನೆಯ ಬೆಂಚಿನ ಮುಖ.

ಬಜಾರಿನ ಅಂಗಡಿಯ ಮಾತೂ ಹಾಗೆಯೇ. ಆ 23 ವಸ್ತುಗಳಲ್ಲಿ ಹೆಚ್ಚಿನವನ್ನು ಮೊದಲು ತರುತ್ತಿದ್ದುದು ನನ್ನ ಇನ್ನೊಬ್ಬ ಹಳೆಯ ವಿದ್ಯಾರ್ಥಿಯ ಕಿರಾಣಿ ಅಂಗಡಿಯಿಂದ. 2019ರ ಆಗಸ್ಟ್‌ನಲ್ಲಿಯೂ 2021ರ ಜುಲೈಯಲ್ಲಿಯೂ ವೇದಗಂಗೆ ಉಕ್ಕಿ ನಿಪ್ಪಾಣಿಯ ಬಳಿ ಯಮಗರ್ಣಿಯಲ್ಲಿ ಪುಣೆ-ಬೆಂಗಳೂರು ಹೆದ್ದಾರಿ ಬಂದಾದಾಗ ಯಾವ ಪಾರ್ಸಲ್ಲೂ ಬರುತ್ತಿರಲಿಲ್ಲ. ಆಗ ತನ್ನಲ್ಲಿದ್ದ ಅಕ್ಕಿ, ಬೇಳೆ, ಎಣ್ಣೆಗಳನ್ನು ಬೆಲೆ ಏರಿಸದೆ, ಉದ್ರಿ ಬರೆದುಕೊಂಡು ಓಣಿಗೆಲ್ಲ ಕೊಟ್ಟವನು ಅವನು. ಒಂದು ದಿನ ದಾರಿಯಲ್ಲಿ ಸಿಕ್ಕು, "ಸರ, ನಿಮ್ಮ ಖಾತೆ ಪುಟ ಖಾಲಿ ಉಳದೈತ್ರಿ" ಎಂದು ನಕ್ಕ. ಅದರಲ್ಲಿ ಆಕ್ಷೇಪಣೆಯಿರಲಿಲ್ಲ. ಆದ್ದರಿಂದಲೇ ಅದು ಹೆಚ್ಚು ಚುಚ್ಚಿತು.

ಮತ್ತೊಂದು ಪ್ರಸಂಗ ಕೇಳಿ ನೀವು ನಗುವುದೇ ಒಳ್ಳೆಯದು. ಬೆರಳಿನ ಅಭ್ಯಾಸ ಬೇರೆ ತಾಣಗಳಿಗೂ ಹಬ್ಬಿ, ಒಂದರಲ್ಲಿ ಅರ್ಧ ಬೆಲೆಗೆ 'ಅಸಲಿ ಕೊಲ್ಹಾಪುರಿ ಚಪ್ಪಲಿ' ಕಂಡು ತರಿಸಿದೆ. ಬಂದದ್ದು ರೆಕ್ಸಿನ್ನಿನದು. ಎರಡನೆಯ ವಾರಕ್ಕೆ ಉಂಗುಷ್ಠ ಕಿತ್ತು ಬಂತು. ಚಪ್ಪಲಿ ಕೈಯಲ್ಲಿ ಹಿಡಿದು ನಿಂತಾಗ ನಾಚಿಕೆಯಾಯಿತು. ಕೊಲ್ಹಾಪುರಿ ಎಂಬ ಹೆಸರಿದ್ದರೂ ಆ ಚಪ್ಪಲಿ ಹುಟ್ಟುವ ಊರುಗಳಲ್ಲಿ ನಮ್ಮ ಅಥಣಿ, ಮದಭಾವಿ, ನಿಪ್ಪಾಣಿಗಳೂ ಸೇರಿವೆ. 2019ರಲ್ಲಿ ಈ ಚಪ್ಪಲಿಗೆ ದೊರೆತ ಜಿ.ಐ. ಮನ್ನಣೆಯಲ್ಲಿ ಮಹಾರಾಷ್ಟ್ರದ ನಾಲ್ಕು ಜಿಲ್ಲೆಗಳೊಂದಿಗೆ ಬೆಳಗಾವಿ, ಧಾರವಾಡ, ಬಾಗಲಕೋಟೆ, ವಿಜಯಪುರ ಎಂಬ ನಮ್ಮ ನಾಲ್ಕು ಜಿಲ್ಲೆಗಳೂ ಇವೆ. ಜಾಲಿಯ ತೊಗಟೆ, ಅಣಲೆಕಾಯಿಗಳಲ್ಲಿ ಹದ ಮಾಡಿದ ಚರ್ಮವನ್ನು ಕೈಯಿಂದ ಹೊಲಿಯುವ ಕುಟುಂಬಗಳು ಅಥಣಿಯಲ್ಲಿರುವಾಗ, ಪಕ್ಕದ ತಾಲೂಕಿನ ನಾನು ಎಲ್ಲಿಂದಲೋ ರೆಕ್ಸಿನ್ ತರಿಸಿದೆ. 2025ರ ಜೂನ್‌ನಲ್ಲಿ ಇಟಲಿಯ ಪ್ರಾಡಾ ಕಂಪನಿಯ ಪ್ರದರ್ಶನದಲ್ಲಿ ಇದೇ ಮಾದರಿಯ ಚಪ್ಪಲಿಗಳು ಕಾಣಿಸಿಕೊಂಡು ದೊಡ್ಡ ಗದ್ದಲವಾದಾಗ, ನಮ್ಮ ಕುಶಲಕರ್ಮಿಗಳನ್ನು ಮರೆತರೆಂದು ನಾನೂ ಸಿಟ್ಟಾಗಿದ್ದೆ. ಮರೆತವರಲ್ಲಿ ನಾನೂ ಒಬ್ಬನೆಂಬುದು ಆಗ ಹೊಳೆದಿರಲಿಲ್ಲ.

ಹಾಗಾದರೆ ಸದಸ್ಯತ್ವ ಬೇಡವೆ? ಬೇಡವೆಂದು ನಾನು ಹೇಳಲಾರೆ. ಆ 21 ವಸ್ತುಗಳು ನಿಜವಾಗಿಯೂ ಉಪಕಾರ ಮಾಡಿದವು. ಸೆಲ್ಲಿಗಾಗಿ ಬೆಳಗಾವಿಗೆ ಹೋಗಿಬರುವ ಒಂದು ದಿನ, ಬಸ್ಸಿನ ಖರ್ಚು, ಮೊಣಕಾಲಿನ ನೋವು, ಇವಕ್ಕೂ ಬೆಲೆಯಿದೆ. ಆದುದರಿಂದ ನನ್ನ ಅಳಿಯನಿಗೆ ಬರೆದು ಕಳುಹಿಸಿದ ಉತ್ತರವನ್ನೇ ನಿಮಗೂ ಹೇಳುತ್ತೇನೆ.

ಒಂದು: ಸದಸ್ಯರಾಗುವ ಮೊದಲು ಹಿಂದಿನ ವರ್ಷದ ಖರೀದಿಯನ್ನು ಎಣಿಸಿ. ಸಾಗಣೆ ಶುಲ್ಕ ನಿಜವಾಗಿ ಬಿದ್ದ ಪಾರ್ಸಲ್ಲುಗಳನ್ನು ಮಾತ್ರ ಲೆಕ್ಕಕ್ಕೆ ಹಿಡಿಯಿರಿ. 1,499ನ್ನು 40ರಿಂದ ಭಾಗಿಸಿದರೆ ಅಂಥವು ಕನಿಷ್ಠ 38 ಇರಬೇಕು. ಇಲ್ಲದಿದ್ದರೆ ಬೇಕಾದುದನ್ನು ಕೂಡಿಟ್ಟು ಒಮ್ಮೆಲೇ ತರಿಸುವುದೇ ಲೇಸು.

ಎರಡು: ಅವಧಿಯನ್ನು ನೋಡಿ ಆರಿಸಿ. 2023ರ ಏಪ್ರಿಲ್‌ನಲ್ಲಿ ಪ್ರೈಮ್ ಸದಸ್ಯತ್ವದ ದರ ತಿಂಗಳಿಗೆ 299, ಮೂರು ತಿಂಗಳಿಗೆ 599, ವರ್ಷಕ್ಕೆ 1,499 ಎಂದು ನಿಗದಿಯಾಯಿತು. ಹನ್ನೆರಡು ತಿಂಗಳು ಬಿಡಿಬಿಡಿಯಾಗಿ ಕಟ್ಟಿದರೆ 3,588 ಆಗುತ್ತದೆ. ಆದರೆ ಮದುವೆಯೋ ಗೃಹಪ್ರವೇಶವೋ ಇರುವ ಒಂದೇ ತಿಂಗಳಿಗೆ ಬೇಕಾದವರಿಗೆ 299ರದೇ ಅಗ್ಗ. ದರಗಳು ಬದಲಾಗುತ್ತಿರುತ್ತವೆ, ಕಟ್ಟುವ ದಿನದ ದರ ನೋಡಿಕೊಳ್ಳಿ.

ಮೂರು: ಸಿನಿಮಾ, ಸಂಗೀತ, ಓದು ಎಂಬ ಜೊತೆಯ ಸೌಲಭ್ಯಗಳನ್ನು ಬಳಸುವವರಾದರೆ ಮಾತ್ರ ಲಾಭದಲ್ಲಿ ಸೇರಿಸಿ. ಅವೂ ಸ್ಥಿರವಲ್ಲ. 2025ರ ಜೂನ್‌ನಿಂದ ಪ್ರೈಮ್ ವಿಡಿಯೋದ ಚಿತ್ರಗಳ ನಡುವೆ ಜಾಹೀರಾತು ಬರತೊಡಗಿತು. ಅದು ಬೇಡವಾದರೆ ಬೇರೆ ಹಣ ಕೊಡಬೇಕಾಯಿತು.

ನಾಲ್ಕು: ತಾನಾಗಿ ನವೀಕರಣವಾಗುವ ವ್ಯವಸ್ಥೆಯನ್ನು ಸದಸ್ಯರಾದ ದಿನವೇ ನಿಲ್ಲಿಸಿ, ಮುಗಿಯುವ ತಾರೀಖನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಬರೆಯಿರಿ. ಹೊರಬರಲಾಗದಂತೆ ಸಿಲುಕಿಸುವ ಸದಸ್ಯತ್ವ, 'ಇನ್ನು ಎರಡೇ ಉಳಿದಿವೆ' ಎಂಬ ಸುಳ್ಳು ಅವಸರ ಮೊದಲಾದ 13 ಬಗೆಯ ತಂತ್ರಗಳನ್ನು ಕೇಂದ್ರ ಸರ್ಕಾರ 2023ರ ನವೆಂಬರ್‌ನಲ್ಲಿ ನಿಷೇಧಿಸಿದೆ. ತೊಂದರೆಯಾದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ.

ಐದು: ಮಾರಾಟಗಾರನ ಹೆಸರು, ವಸ್ತು ತಯಾರಾದ ದೇಶ, ಮರಳಿಸುವ ನಿಯಮ ಇವನ್ನು ತೋರಿಸಬೇಕೆಂದು 2020ರ ಇ-ವಾಣಿಜ್ಯ ನಿಯಮಗಳು ಹೇಳುತ್ತವೆ. ತೋರಿಸುವುದು ಅವರ ಕರ್ತವ್ಯ, ಓದುವುದು ನಮ್ಮ ಕರ್ತವ್ಯ. ನಾನು ಓದಿದ್ದರೆ ರೆಕ್ಸಿನ್ ಮೆಟ್ಟುತ್ತಿರಲಿಲ್ಲ.

ಆರು: ಬೇಕೆನಿಸಿದ್ದನ್ನು ಕೂಡಲೇ ತರಿಸದೆ ವಹಿಯಲ್ಲಿ ಬರೆದಿಡಿ. ಶನಿವಾರ ಒಮ್ಮೆ ಓದಿ ನೋಡಿ. ಅರ್ಧದಷ್ಟನ್ನು ನೀವೇ ಹೊಡೆದುಹಾಕುತ್ತೀರಿ. ಉಳಿದುದರಲ್ಲಿ ಊರಿನಲ್ಲಿ ಸಿಗುವುದನ್ನು ಊರಿನಲ್ಲಿ ಕೊಂಡು, ಸಿಗದುದನ್ನು ಒಂದೇ ಸಲಕ್ಕೆ ತರಿಸಿ.

ನಮ್ಮ ಮನೆಯಲ್ಲಿ ಈಗ ಆ ವಹಿ ದೇವರ ಗೂಡಿನ ಕೆಳಗಿರುತ್ತದೆ. ಓಣಿಯ ಇಬ್ಬರು ನಿವೃತ್ತ ಶಿಕ್ಷಕರು ತಮಗೆ ಬೇಕಾದ ಪುಸ್ತಕಗಳ ಹೆಸರನ್ನೂ ಅದರಲ್ಲಿಯೇ ಬರೆದುಹೋಗುತ್ತಾರೆ. ಪುಸ್ತಕ ಬಂದ ಮೇಲೆ ನಾನು ಅದಕ್ಕೆ ಖಾಕಿ ರಟ್ಟು ಹಾಕಿ, ಒಳಪುಟದಲ್ಲಿ ಪೆನ್ಸಿಲಿನಿಂದ ಹೆಸರುಗಳನ್ನು ಬರೆಯುತ್ತೇನೆ. ಸದ್ಯಕ್ಕೆ ನಾಲ್ಕೇ ಮನೆ. ಹನ್ನೊಂದಕ್ಕೆ ಇನ್ನೂ ದೂರವಿದೆ. ಕಿರಾಣಿ ಅಂಗಡಿಯ ಖಾತೆಯ ಪುಟವೂ ಮತ್ತೆ ತುಂಬತೊಡಗಿದೆ. ಅಥಣಿಗೆ ಹೋಗಿ ಹೊಸ ಚಪ್ಪಲಿ ತಂದಿದ್ದೇನೆ. ಮೊದಲ ನಾಲ್ಕು ದಿನ ಕಚ್ಚಿತು, ಈಗ ಕಾಲಿಗೆ ಒಗ್ಗಿದೆ.

ಒಂದು ಬಾಕಿ ಮಾತ್ರ ಉಳಿದಿತ್ತು. ಮೊನ್ನೆ ಆ ತರುಣ ಒಂದು ಪಾರ್ಸಲ್ ತಂದಾಗ ಒಳಗೆ ಕರೆದು ಕುಳ್ಳಿರಿಸಿ, ಶ್ರೀಮತಿಯವರಿಗೆ ಚಹಾ ಇಡಲು ಹೇಳಿ, "ತಮ್ಮಾ, ಅವತ್ತ ಮಳ್ಯಾಗ ತಂದಿದ್ಯಲ್ಲ, ಅದು ಔಷಧ ಆಗಿರಲಿಲ್ಲಪ್ಪಾ. ಬಟ್ಟಿ ಕ್ಲಿಪ್ ಇದ್ವು. ನಾ ಸುಳ್ಳ ಹೇಳಿದ್ನಿ" ಎಂದೆ.

ಅವನು ತಲೆ ತಗ್ಗಿಸಿ ನಕ್ಕ. "ಗೊತ್ತಿತ್ರಿ ಸರ. ಗಾಡಿ ಮ್ಯಾಲೆ ಬರೂವಾಗ ಡಬ್ಬಿ ಒಂದ ಸವನ ಖಡಖಡ ಅಂತಿತ್ತು. ಔಷಧ ಹಂಗ ಸಪ್ಪಳ ಮಾಡೂದಿಲ್ರಿ."

"ಮತ್ತ ಯಾಕ ಕೇಳಿದ್ಯೋ?"

"ಔಷಧ ಆಗಿದ್ರ ಚಲೋ ಆಗ್ತಿತ್ತಂತ ಅನಸಿತ್ರಿ ಸರ, ಅಷ್ಟ ಮಳ್ಯಾಗ ಬಂದಿದ್ನಲ್ಲ" ಎಂದ.

ಚಹಾ ಕುಡಿದು ಹೊರಟ. ಅವನ ಮುಂದಿನ ಪರೀಕ್ಷೆ ಸಮೀಪಿಸಿದೆ. ಹಳೆಯ ವಿದ್ಯಾರ್ಥಿಗಳಲ್ಲಿ ಸ್ಪರ್ಧಾತ್ಮಕ ಪರೀಕ್ಷೆಯ ಪುಸ್ತಕಗಳನ್ನು ಓದಿ ಮುಗಿಸಿದವರಿದ್ದರೆ ದಯವಿಟ್ಟು ನನಗೆ ತಿಳಿಸಿ. ಹೊಸದನ್ನು ತರಿಸುವ ಮೊದಲು ಒಮ್ಮೆ ಕೇಳಿ ನೋಡೋಣವೆಂದು ವಹಿಯಲ್ಲಿ ಬರೆದುಕೊಂಡಿದ್ದೇನೆ.